ಮೊದಲ ಇಂಕ್ ಪೆನ್ನು: ಸಹಿ ಹಾಕಿ ನೋಡಬೇಡಿ, ‘ಸಿದ್ಧತೆ’ ಅಂತ ಬರೆದು ನೋಡಿ

ಪೆನ್ನಿನ ಅಂಗಡಿಯಲ್ಲಿ ಗೀಚಿ ನೋಡಲು ಇಟ್ಟಿರುವ ಹಾಳೆಯನ್ನು ಒಮ್ಮೆ ಗಮನಿಸಿ. ಮೈಸೂರಿನ ದೇವರಾಜ ಅರಸು ರಸ್ತೆಯಾಗಲಿ, ಮಂಡ್ಯದ ವಿ.ವಿ. ರಸ್ತೆಯಾಗಲಿ, ಆ ಹಾಳೆಯ ತುಂಬ ಇರುವುದು ಎರಡೇ: ಸಹಿಗಳು, ಸುರುಳಿಗಳು. ಸಹಿ ಕೈಗೆ ಪಳಗಿದ ಗೀಚು, ಎಂಥ ಪೆನ್ನಿನಲ್ಲೂ ಸರಾಗವಾಗಿ ಬರುತ್ತದೆ. ಸುರುಳಿಯಲ್ಲಿ ನಿಬ್ಬು ಕಾಗದವನ್ನು ಬಿಟ್ಟು ಮೇಲೇಳುವುದೇ ಇಲ್ಲ, ಹಾಗಾಗಿ ಶಾಯಿ ಶುರುವಿನಲ್ಲೇ ತಡವರಿಸುವ ದೋಷ ಅಲ್ಲಿ ಕಾಣುವುದಿಲ್ಲ. ಕನ್ನಡ ಬರೆಯುವವರು ಪೆನ್ನನ್ನು ಕನ್ನಡ ಬರೆದೇ ಆರಿಸಬೇಕು. ನಮ್ಮ ಲಿಪಿ ನಿಬ್ಬಿನಿಂದ ಕೇಳುವ ಕೆಲಸವೇ ಬೇರೆ.

ಹೊಸದಾಗಿ ಇಂಕ್ ಪೆನ್ನು ಹಿಡಿಯುವವರ ಮುಂದೆ ಬರುವ ಹೆಸರುಗಳು ಹೆಚ್ಚು ಕಡಿಮೆ ಇವು: ಪ್ಲಾಟಿನಂ ಪ್ರೆಪ್ಪಿ, ಪೈಲಟ್ ಕಾಕುನೊ, ಪೈಲಟ್ ಮೆಟ್ರೋಪಾಲಿಟನ್, ಲ್ಯಾಮಿ ಸಫಾರಿ, ಪಾರ್ಕರ್ ವೆಕ್ಟರ್, ಹೀರೋ 616, ಜಿನ್‌ಹಾವ್, ನಮ್ಮ ಕಾನ್ಪುರದ ಕಾನ್‌ರೈಟ್. ಎಲ್ಲದರ ನಿಬ್ಬೂ ಉಕ್ಕಿನದೇ, ಎಲ್ಲವೂ ಬರೆಯುತ್ತವೆ. ವ್ಯತ್ಯಾಸ ಇರುವುದು ಗೆರೆಯ ದಪ್ಪ, ಬೆರಳು ಕೂರುವ ಜಾಗ, ಕ್ಯಾಪಿನ ಬಿಗಿ, ಈ ಮೂರರಲ್ಲಿ. ಬಣ್ಣ, ಕ್ಲಿಪ್ಪು, ಡಬ್ಬಿ ಎಲ್ಲ ಆಮೇಲಿನ ಮಾತು.

ಗೆರೆ ಎಷ್ಟು ದಪ್ಪ ಇರಬೇಕು

ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಎರಡು ಗೆರೆಗಳ ನಡುವೆ ಸುಮಾರು 8 ಮಿ.ಮೀ. ಜಾಗ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಅದೇ ಜಾಗದಲ್ಲಿ ಅಕ್ಷರ, ಅದರ ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು ಕೂರಬೇಕು. ಮೂಲಾಕ್ಷರಕ್ಕೆ 3-4 ಮಿ.ಮೀ. ಸಿಕ್ಕರೆ ಒತ್ತಕ್ಷರಕ್ಕೆ ಉಳಿಯುವುದು 2 ಮಿ.ಮೀ. ಪದದ ಮಧ್ಯದ ಸೊನ್ನೆಯನ್ನು ಎಷ್ಟೋ ಜನ 1.5 ಮಿ.ಮೀ. ಅಗಲಕ್ಕೆ ಬರೆಯುತ್ತಾರೆ. ಲೆಕ್ಕ ಹಾಕಿ: ಗೆರೆ 0.7 ಮಿ.ಮೀ. ದಪ್ಪ ಇದ್ದರೆ ಆ ಸೊನ್ನೆಯ ಎರಡು ಬದಿಯ ಗೆರೆಗೇ 1.4 ಹೋಯಿತು, ಒಳಗೆ ಉಳಿದದ್ದು 0.1. ಶಾಯಿ ಒಂದಿಷ್ಟು ಹಬ್ಬಿದರೂ ಸೊನ್ನೆ ಚುಕ್ಕೆಯಾಗುತ್ತದೆ. ಗೆರೆ 0.35 ಇದ್ದರೆ ಒಳಗೆ 0.8 ಮಿ.ಮೀ. ಬಯಲು ಉಳಿಯುತ್ತದೆ.

ಸೊನ್ನೆಗಿಂತ ದೊಡ್ಡ ಕಷ್ಟ ಮಹಾಪ್ರಾಣದ್ದು. ದ-ಧ, ಡ-ಢ, ಪ-ಫ, ಇವುಗಳನ್ನು ಬೇರೆ ಮಾಡುವುದು ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ಥ ಮತ್ತು ಠ ಒಳಗಡೆ ಚುಕ್ಕೆ ಬೇರೆ. ಇವು ಒತ್ತಾಗಿ ಕೆಳಗಿಳಿದಾಗ ಆ ಸೀಳು ಅರ್ಧ ಮಿಲಿಮೀಟರಿನದ್ದು. ‘ಸಿದ್ದೇಗೌಡ’ ಮತ್ತು ‘ಸಿದ್ಧತೆ’ ಎರಡನ್ನೂ ನಿಮ್ಮ ಮಾಮೂಲಿ ಅಳತೆಯಲ್ಲಿ ಬರೆದು, ಒಂದು ಮಾರು ದೂರದಿಂದ ನೋಡಿ. ದ್ದ ಯಾವುದು, ದ್ಧ ಯಾವುದು ಎಂದು ಗೊತ್ತಾಗದಿದ್ದರೆ ಆ ನಿಬ್ಬು ನಿಮ್ಮ ಅಕ್ಷರಕ್ಕೆ ದಪ್ಪ.

ನಿಬ್ಬಿನ ಮೇಲೆ ಕೊರೆದಿರುವ ಇಎಫ್ (ಎಕ್ಸ್‌ಟ್ರಾ ಫೈನ್, ಬಲು ತೆಳು), ಎಫ್ (ಫೈನ್, ತೆಳು), ಎಂ (ಮೀಡಿಯಂ, ಮಧ್ಯಮ) ಎಂಬ ಗುರುತುಗಳನ್ನು ಕಂಪನಿಗಳ ನಡುವೆ ಹೋಲಿಸಲು ಬರುವುದಿಲ್ಲ. ಜಪಾನಿನ ಪೈಲಟ್, ಪ್ಲಾಟಿನಂಗಳ ಎಫ್ ಸುಮಾರು 0.3 ಮಿ.ಮೀ. ಗೆರೆ ಕೊಡುತ್ತದೆ, ಜರ್ಮನಿಯ ಲ್ಯಾಮಿಯ ಎಫ್ 0.5ರ ಮೇಲೆ. ಅಂದರೆ ಪೈಲಟ್‌ನ ಎಂ ಹಾಗೂ ಲ್ಯಾಮಿಯ ಎಫ್ ಹತ್ತಿರದ ಸಂಬಂಧಿಗಳು. ಪ್ರೆಪ್ಪಿಯವರು ಅಕ್ಷರದ ಗುರುತಿನ ಗೊಡವೆ ಬಿಟ್ಟು 02, 03, 05 ಎಂದೇ ಬರೆದಿರುತ್ತಾರೆ, 03 ಅಂದರೆ 0.3 ಮಿ.ಮೀ. ಇದೇ ಸರಿಯಾದ ಪದ್ಧತಿ.

ನಮ್ಮ ಸಲಹೆ ಇಷ್ಟು. ಚಿಕ್ಕದಾಗಿ, ಒತ್ತೊತ್ತಾಗಿ ಬರೆಯುವವರಿಗೆ ಜಪಾನಿನ ಎಫ್. ಅಗಲವಾಗಿ ಬಿಡಿಸಿ ಬರೆಯುವವರಿಗೆ ಜಪಾನಿನ ಎಂ ಅಥವಾ ಲ್ಯಾಮಿಯ ಇಎಫ್. ಲ್ಯಾಮಿಯ ಎಂ ನಿಬ್ಬು ಬರೆಯಲು ಬೆಣ್ಣೆಯಂತಿದ್ದರೂ ಕನ್ನಡದ ದಿನನಿತ್ಯದ ಬರವಣಿಗೆಗೆ ಬೇಡ. ತುದಿ ಚಪ್ಪಟೆಯಾಗಿರುವ ಸ್ಟಬ್ ನಿಬ್ಬು ಶೀರ್ಷಿಕೆಗೆ, ಮದುವೆ ಕರೆಯೋಲೆಯ ಮೇಲಿನ ಹೆಸರಿಗೆ ಚೆಂದ, ಅಷ್ಟೇ.

ಇಎಫ್‌ಗೂ ಒಂದು ಬೆಲೆ ತೆರಬೇಕು. ತುದಿ ಚಿಕ್ಕದಾದಷ್ಟೂ ಕಾಗದದ ನಾರು ಕೈಗೆ ತಾಗುತ್ತದೆ. ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರದಲ್ಲಿ ಪೆನ್ನು ಬಹುಪಾಲು ಮುಂದಕ್ಕೇ ಓಡುತ್ತದೆ. ಕನ್ನಡದಲ್ಲಿ ಹಾಗಿಲ್ಲ; ಗುಂಡಗೆ ಸುತ್ತುವಾಗ ಎಡಕ್ಕೂ ಹೋಗಬೇಕು, ತಲೆಕಟ್ಟಿನ ಕೊನೆಯಲ್ಲಿ ನಿಬ್ಬನ್ನು ಮೇಲಕ್ಕೆ ದೂಡಬೇಕು. ಹಾಗೆ ದೂಡುವ ಗೆರೆಯಲ್ಲೇ ಕೆರೆತ ಗೊತ್ತಾಗುವುದು.

ಬೆರಳು ಎಲ್ಲಿ ಕೂರುತ್ತದೆ

ಪೆನ್ನು ಕೊಳ್ಳುವ ಮೊದಲು ಮನೆಯಲ್ಲೇ ಒಂದು ಅಳತೆ ತೆಗೆಯಿರಿ. ಈಗ ಬಳಸುವ ಬಾಲ್ ಪೆನ್ನಿಗೆ ತುದಿಯಿಂದ ಮೇಲಕ್ಕೆ ತೆಳುವಾದ ಕಾಗದದ ಪಟ್ಟಿ ಸುತ್ತಿ ಅಂಟಿಸಿ. ಒಂದು ಪುಟ ಪೂರ್ತಿ ಬರೆಯಿರಿ. ಹೆಬ್ಬೆರಳು, ತೋರುಬೆರಳು ಕೂತಲ್ಲಿ ಕಾಗದ ಮಾಸಿ, ಸುಕ್ಕಾಗಿರುತ್ತದೆ. ತುದಿಯಿಂದ ಅಲ್ಲಿಗೆ ಸ್ಕೇಲಿನಲ್ಲಿ ಅಳೆಯಿರಿ.

2.5 ಸೆಂ.ಮೀ. ಆಸುಪಾಸಿನಲ್ಲಿ ಹಿಡಿಯುವವರಿಗೆ ಬಹುತೇಕ ಎಲ್ಲ ಪೆನ್ನೂ ಒಗ್ಗುತ್ತದೆ. 4 ಸೆಂ.ಮೀ. ಹತ್ತಿರ ಹಿಡಿಯುವವರು ಮೆಟ್ರೋಪಾಲಿಟನ್ ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಲೇಬೇಕು. ಅದರಲ್ಲಿ ಗ್ರಿಪ್ಪು ಮುಗಿದು ಲೋಹದ ಮೈ ಶುರುವಾಗುವಲ್ಲಿ ಒಂದು ಮೆಟ್ಟಿಲಿದೆ. ಅಂಗಡಿಯಲ್ಲಿ ಒಂದೆರಡು ಸಾಲು ಗೀಚಿದರೆ ಗೊತ್ತಾಗುವುದಿಲ್ಲ, ಹತ್ತು ಪುಟ ಬರೆದ ಮೇಲೆ ಬೆರಳಿಗೆ ಗೊತ್ತಾಗುತ್ತದೆ.

ಸಫಾರಿಯ ಗ್ರಿಪ್ಪು ತ್ರಿಕೋನ. ಮೂರು ಬೆರಳಿನ ತುದಿಯಲ್ಲಿ ಹಿಡಿಯುವವರಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಮಡಚಿ ಹಿಡಿಯುವವರಿಗೆ ಮಾತ್ರ ಆ ಅಂಚು ಒತ್ತುತ್ತದೆ. ನಿಬ್ಬನ್ನು ಸ್ವಲ್ಪ ಓರೆ ತಿರುಗಿಸಿ ಬರೆಯುವ ಅಭ್ಯಾಸವಿದ್ದರೂ ತ್ರಿಕೋನ ಅಡ್ಡ ಬರುತ್ತದೆ. ಕಾಕುನೊ ಗ್ರಿಪ್ಪೂ ತ್ರಿಕೋನವೇ, ಆದರೆ ಅಂಚು ಮೆತ್ತಗಿದೆ. ಮಕ್ಕಳಿಗೆಂದು ಮಾಡಿದ ಪೆನ್ನು ಅದು, ನಿಬ್ಬಿನ ಮೇಲೆ ನಗುಮುಖ ಕೊರೆದಿದ್ದಾರೆ. ಆ ಮುಖ ನಿಮ್ಮ ಕಡೆ ನೋಡುವಂತೆ ಹಿಡಿದರೆ ನಿಬ್ಬು ಸರಿಯಾಗಿ ಕೂತಿದೆ ಎಂದರ್ಥ. ದೊಡ್ಡವರು ಸಂಕೋಚಪಡಬೇಕಾಗಿಲ್ಲ, ಅದೇ ಪೈಲಟ್ ನಿಬ್ಬು ಮೆಟ್ರೋಪಾಲಿಟನ್ನಿನಲ್ಲೂ ಇರುವುದು. ಜೇಬಿಗೆ ಸಿಕ್ಕಿಸುವವರಿಗೆ ಒಂದು ಕೊರತೆ: ಕಾಕುನೊಗೆ ಕ್ಲಿಪ್ಪಿಲ್ಲ.

ವೆಕ್ಟರ್ ಸಣ್ಣ ಕೊಳವೆಯಂಥ ಪೆನ್ನು, ಗ್ರಿಪ್ಪು ನುಣುಪು. ಕೈ ಬೆವರುವವರಿಗೆ ಏಪ್ರಿಲ್ ತಿಂಗಳಲ್ಲಿ ಅದು ಜಾರುತ್ತದೆ, ಜಾರಬಾರದೆಂದು ಇನ್ನಷ್ಟು ಬಿಗಿ ಹಿಡಿಯುತ್ತಾರೆ, ಕೈ ನೋಯುತ್ತದೆ. ಬೆವರದ, ಸಣ್ಣ ಕೈಯವರಿಗೆ ಒಳ್ಳೆಯ ಸಂಗಾತಿ.

ತೂಕದ ವಿಷಯ: ಪ್ರೆಪ್ಪಿ ಸುಮಾರು 13 ಗ್ರಾಂ, ಸಫಾರಿ 17, ಹಿತ್ತಾಳೆ ಮೈಯ ಮೆಟ್ರೋಪಾಲಿಟನ್ 26. ಜಿನ್‌ಹಾವ್ ಎಕ್ಸ್750 ಇನ್ನೂ ಭಾರ. ಕೆಪಿಎಸ್‌ಸಿ ಮುಖ್ಯ ಪರೀಕ್ಷೆಯಂತೆ ಮೂರು ಗಂಟೆ ಬಿಡುವಿಲ್ಲದೆ ಬರೆಯಬೇಕಾದವರು ಹಗುರದ ಪೆನ್ನನ್ನೇ ನೋಡಲಿ. ಬಾಲ್ ಪೆನ್ನು ಒತ್ತಿ ಒತ್ತಿ ಅಭ್ಯಾಸವಾದವರಿಗೆ ಮಾತ್ರ ಭಾರದ ಪೆನ್ನು ಮೊದಲ ತಿಂಗಳು ಉಪಕಾರ ಮಾಡುತ್ತದೆ. ಪೆನ್ನಿನ ತೂಕವೇ ಸಾಕು, ಕೈ ಒತ್ತಬೇಕಿಲ್ಲ ಎಂದು ಕಲಿಸುತ್ತದೆ. ಒತ್ತುತ್ತಿದ್ದೀರೋ ಇಲ್ಲವೋ ತಿಳಿಯಲು ಎರಡು ಹಾಳೆ ಇಟ್ಟು ಬರೆಯಿರಿ. ಕೆಳಗಿನ ಹಾಳೆಯಲ್ಲಿ ಅಚ್ಚು ಮೂಡಿದ್ದರೆ ಒತ್ತು ಜಾಸ್ತಿ, ಆ ಒತ್ತಿಗೆ ನಿಬ್ಬು ಬಾಯಿ ಬಿಡುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಒಂದು ಭೂತಗನ್ನಡಿ ಒಯ್ಯಿರಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ನಿಮ್ಮದೇ ನೋಟ್‌ಬುಕ್ಕೂ ಇರಲಿ, ಅಂಗಡಿಯ ಹಾಳೆ ಹೆಚ್ಚಾಗಿ ನುಣುಪಿನದು.

ನಿಬ್ಬಿನ ತುದಿಯನ್ನು ನೇರ ನಿಮ್ಮ ಕಣ್ಣಿಗೆ ಹಿಡಿದು ನೋಡಿ. ಸೀಳಿನ ಎರಡು ಬದಿಯ ಹೋಳುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಆ ಪೆನ್ನು ಬದಿಗಿಟ್ಟು ಅದೇ ಮಾದರಿಯ ಇನ್ನೊಂದು ಕೇಳಿ. ಆಮೇಲೆ ನಿಬ್ಬನ್ನು ಬೆಳಕಿಗೆ ಹಿಡಿಯಿರಿ. ಸೀಳಿನಲ್ಲಿ ಬೆಳಕು ಕೂದಲೆಳೆಯಷ್ಟು ಕಂಡು, ತುದಿಗೆ ಬರುತ್ತ ಕಿರಿದಾಗಿ ಮುಚ್ಚಿಕೊಂಡಂತೆ ಕಾಣಬೇಕು. ತುದಿಯಲ್ಲೇ ಬಾಯಿ ತೆರೆದಿದ್ದರೆ ಶಾಯಿ ಅಲ್ಲಿ ನಿಲ್ಲುವುದಿಲ್ಲ. ಹೀರೋ 616ರಂಥ ಮುಸುಕು ನಿಬ್ಬಿನಲ್ಲಿ ಸೀಳು ಕಾಣದು, ತುದಿಯಷ್ಟೇ ನೋಡಬಹುದು. ಆ ಹೆಸರಿನಲ್ಲಿ ಗುಣಮಟ್ಟ ಏರುಪೇರಾಗಿರುವ ಪೆನ್ನುಗಳು ಮಾರುಕಟ್ಟೆಯಲ್ಲಿರುವುದರಿಂದ ಬರೆದು ನೋಡದೆ ಕೊಳ್ಳಬೇಡಿ.

ಶಾಯಿಯಲ್ಲಿ ಅದ್ದಿ ಬರೆಯಲು ಬಿಟ್ಟರೆ ಮೊದಲ ನಾಲ್ಕೈದು ಸಾಲನ್ನು ನಂಬಬೇಡಿ. ನಿಬ್ಬಿನ ಅಡಿಯಲ್ಲಿ ಶಾಯಿ ಹರಿಸುವ ಭಾಗವಾದ ಫೀಡಿನ ಹೊರಮೈಗೆ ಅಂಟಿದ ಶಾಯಿ ಆಗ ಇಳಿಯುತ್ತಿರುತ್ತದೆ, ಕೆಟ್ಟ ನಿಬ್ಬೂ ಧಾರಾಳವಾಗಿ ಬರೆಯುತ್ತದೆ. ಗೆರೆ ಒಂದು ಹದಕ್ಕೆ ಬಂದ ಮೇಲೆ ನಮ್ಮ ಸುತ್ತಿನ ಊರಿನ ಹೆಸರುಗಳನ್ನೇ ಬರೆಯಿರಿ: ಶ್ರೀರಂಗಪಟ್ಟಣ, ಕೃಷ್ಣರಾಜಸಾಗರ, ನಾಗಮಂಗಲ, ಮದ್ದೂರು. ಶ್ರೀ, ವಟ್ರಸುಳಿ, ಷ್ಣ, ಸೊನ್ನೆ, ಟ್ಟ, ದ್ದ, ಕೊಂಬು ಎಲ್ಲ ಇದರಲ್ಲಿ ಬಂದುಹೋಗುತ್ತವೆ. ಜೊತೆಗೆ ‘ವಿದ್ಯಾರ್ಥಿ’ ಮತ್ತು ‘ಸಿದ್ಧತೆ’.

ಬರೆಯುವಾಗ ಕಣ್ಣಿಡಬೇಕಾದ್ದು ಅಕ್ಷರದ ಶುರು. ಕನ್ನಡದಲ್ಲಿ ಅಕ್ಷರ ಅಕ್ಷರಕ್ಕೂ ಪೆನ್ನು ಎತ್ತಿ ಇಡುತ್ತೇವೆ, ಒತ್ತಿಗೆ ಇನ್ನೊಮ್ಮೆ, ತಲೆಕಟ್ಟಿಗೆ ಮತ್ತೊಮ್ಮೆ. ಒಂದು ಪುಟದಲ್ಲಿ ನೂರಾರು ಸಲ ನಿಬ್ಬು ಹೊಸದಾಗಿ ಶಾಯಿ ಕೊಡಬೇಕು. ಹತ್ತು ಶುರುವಿನಲ್ಲಿ ಒಂದು ತಪ್ಪಿದರೂ ಆ ಪೆನ್ನಿನ ಜೊತೆ ಬಾಳುವುದು ಕಷ್ಟ. ಇಂಗ್ಲಿಷಿನಲ್ಲಿ ಬರೆದು ಹೊಗಳುವವರ ವಿಮರ್ಶೆಯಲ್ಲಿ ಈ ದೋಷ ಸಿಗುವುದಿಲ್ಲ, ಯಾಕೆಂದರೆ ಅವರ ಪದ ಒಂದೇ ಎಳೆಯಲ್ಲಿ ಮುಗಿಯುತ್ತದೆ.

ಮನೆಗೆ ತಂದ ಮೇಲೆ

ಶಾಯಿ ತುಂಬುವ ಮೊದಲು ತೊಳೆಯಿರಿ. ಕಾರ್ಖಾನೆಯ ಎಣ್ಣೆ ಅಂಶ ಫೀಡಿನ ಗೀರುಗಳಲ್ಲಿ ಉಳಿದಿರುತ್ತದೆ, ಶಾಯಿ ಅದರ ಮೇಲೆ ಹರಿಯದು. ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ನೀರು ಉಗುರು ಬೆಚ್ಚಗಿರಲಿ, ಬಿಸಿ ಬೇಡ. ಪ್ಲಾಸ್ಟಿಕ್ ಫೀಡು ಸೊಟ್ಟಗಾಗುತ್ತದೆ. ಕನ್ವರ್ಟರ್ (ಬಾಟಲಿಯಿಂದ ಶಾಯಿ ಎಳೆಯುವ ಒಳಗಿನ ಪುಟ್ಟ ಕೊಳವೆ) ಹಾಕಿ ಹತ್ತು ಸಲ ಎಳೆದು ಬಿಡಿ, ಆಮೇಲೆ ಬರಿ ನೀರಿನಲ್ಲಿ ಹತ್ತು ಸಲ. ಸೋಪು ಉಳಿದರೆ ಶಾಯಿ ಕಾಗದದಲ್ಲಿ ಹಬ್ಬುತ್ತದೆ. ಮಂಡ್ಯ ಕಡೆ ಬೋರ್‌ವೆಲ್ ನೀರು ಗಡಸಾಗಿರುವ ಮನೆಗಳಲ್ಲಿ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪುಡಿಯೇ ಫೀಡಿನಲ್ಲೂ ಕಟ್ಟುತ್ತದೆ. ಸ್ಪಿರಿಟ್, ಥಿನ್ನರ್ ಹತ್ತಿರ ತರಬೇಡಿ.

ಕ್ಯಾಪಿನ ಪರೀಕ್ಷೆಗೆ ಒಂದು ವಾರ ಬೇಕು. ಶಾಯಿ ತುಂಬಿ, ಎರಡು ಸಾಲು ಬರೆದು, ಕ್ಯಾಪು ಮುಚ್ಚಿ ಮೇಜಿನ ಮೇಲೆ ಅಡ್ಡ ಮಲಗಿಸಿ. ಮೂರನೆಯ ದಿನ ಒಂದು ಪದ, ಏಳನೆಯ ದಿನ ಒಂದು ಪದ. ಏಳನೆಯ ದಿನವೂ ಮೊದಲ ಗೆರೆಯಲ್ಲೇ ಬರೆದರೆ ಕ್ಯಾಪು ಗಟ್ಟಿ. ಪ್ರೆಪ್ಪಿಯ ಕ್ಯಾಪಿನೊಳಗೆ ಸ್ಪ್ರಿಂಗು ಕೂರಿಸಿದ ಒಳಗವಚವಿದೆ; ಅಗ್ಗದ ಪೆನ್ನಾದರೂ ಶಾಯಿ ಒಣಗದಂತೆ ಕಾಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ವಾರಕ್ಕೊಮ್ಮೆ ಪೆನ್ನು ತೆಗೆಯುವವರಿಗೆ ಇದೊಂದೇ ಕಾರಣ ಸಾಕು. ಮಾರ್ಚ್-ಏಪ್ರಿಲಿನ ಒಣ ಹವೆಯಲ್ಲಿ ಮಾಡಿದ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿ, ಮಳೆಗಾಲದಲ್ಲಿ ಎಲ್ಲ ಕ್ಯಾಪೂ ಒಳ್ಳೆಯದೇ.

ಎರಡು ಪೆನ್ನಿನ ನಡುವೆ ತೀರ್ಮಾನವಾಗದಿದ್ದರೆ ಎರಡಕ್ಕೂ ಒಂದೇ ಬಾಟಲಿಯ ಶಾಯಿ, ಒಂದೇ ನೋಟ್‌ಬುಕ್ಕು. ಶಾಯಿ ಬೇರೆ ಬೇರೆ ಇದ್ದರೆ ನೀವು ಹೋಲಿಸುತ್ತಿರುವುದು ಶಾಯಿಯನ್ನು. ಒಂದು ದಿನ ಒಂದರಲ್ಲಿ ಎರಡು ಪುಟ, ಮಾರನೆಯ ದಿನ ಇನ್ನೊಂದರಲ್ಲಿ. ಎರಡನೆಯ ಪುಟದ ಕೊನೆಯ ಐದು ಸಾಲು ನೋಡಿ. ಕೈ ದಣಿದಾಗ ಅಕ್ಷರ ಯಾವುದರಲ್ಲಿ ಕಡಿಮೆ ಕೆಟ್ಟಿದೆಯೋ ಅದು ನಿಮ್ಮ ಪೆನ್ನು.

ಮೈ ಇಷ್ಟವಾಗಿ ಗೆರೆ ಹಿಡಿಸದಿದ್ದರೆ ಪೆನ್ನನ್ನೇ ಬದಲಿಸಬೇಕಾಗಿಲ್ಲ. ಸಫಾರಿಯ ನಿಬ್ಬು ಬಿಡಿಯಾಗಿ ಸಿಗುತ್ತದೆ. ನಿಬ್ಬಿನ ಮೇಲೆ ಸೆಲ್ಲೋ ಟೇಪ್ ಗಟ್ಟಿಯಾಗಿ ಅಂಟಿಸಿ, ಅಲುಗಿಸದೆ ನೇರ ಮುಂದಕ್ಕೆ ಎಳೆದರೆ ಜಾರಿ ಬರುತ್ತದೆ, ಹೊಸದನ್ನು ಹಾಗೇ ಜಾರಿಸಿ ಕೂರಿಸಿ. ಪೈಲಟ್‌ನಲ್ಲಿ ಕಾಕುನೊದ ಇಎಫ್ ನಿಬ್ಬನ್ನು ಮೆಟ್ರೋಪಾಲಿಟನ್ನಿಗೆ ಹಾಕಬಹುದು. ನಿಬ್ಬು, ಫೀಡು ಎರಡನ್ನೂ ಒಟ್ಟಿಗೆ ಹಿಡಿದು ನೇರ ಎಳೆಯಬೇಕು, ತಿರುಚಬಾರದು.

ಕೆಟ್ಟಾಗ

ಒಂದು ದಿಕ್ಕಿಗೆ ಮಾತ್ರ ಕೆರೆಯುತ್ತಿದ್ದರೆ ಹೋಳುಗಳು ಮೇಲೆ ಕೆಳಗಾಗಿವೆ. ಮೇಲಿರುವುದನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಎರಡು ಸೆಕೆಂಡ್ ಹಿಡಿಯಿರಿ, ಭೂತಗನ್ನಡಿಯಲ್ಲಿ ನೋಡಿ, ಬೇಕಿದ್ದರೆ ಇನ್ನೊಮ್ಮೆ. ಉಜ್ಜುವ ಕಾಗದಕ್ಕೆ ಕೈ ಹಾಕಬೇಡಿ. ತುದಿಯ ಗುಂಡು ಒಮ್ಮೆ ಸವೆದರೆ ಗೆರೆ ದಪ್ಪವಾಗುತ್ತದೆ, ಮತ್ತೆ ತೆಳುವಾಗುವುದಿಲ್ಲ.

ಶುರುವಿನಲ್ಲಿ ತಪ್ಪಿ, ಆಮೇಲೆ ಚೆನ್ನಾಗಿ ಬರೆದರೆ ಮೊದಲು ಮೇಲೆ ಹೇಳಿದಂತೆ ತೊಳೆಯಿರಿ. ಅದಕ್ಕೂ ಬಗ್ಗದಿದ್ದರೆ ತುದಿಯ ಒಳ ಅಂಚು ಅತಿಯಾಗಿ ನಯಗೊಂಡು ಸೀಳಿನ ಬಾಯಿ ಕಾಗದಕ್ಕೆ ತಾಗುತ್ತಿಲ್ಲ. ಮನೆಯಲ್ಲಿ ಸರಿಮಾಡುವ ಕೆಲಸವಲ್ಲ ಅದು, ಬದಲಾಯಿಸಿಕೊಡಲು ಕೇಳಿ.

ಬರೆಯುತ್ತ ಬರೆಯುತ್ತ ಗೆರೆ ಬಿಳಿಚಿಕೊಂಡು ನಿಂತುಹೋಗುವುದು ಕನ್ವರ್ಟರಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡದ್ದರಿಂದ. ಬೆರಳಿನಿಂದ ತಟ್ಟಿ, ಇಲ್ಲವೇ ಗುಂಡಿ ಒಂದು ಸುತ್ತು ಒಳಕ್ಕೆ ತಿರುಗಿಸಿ.

ಕನ್ವರ್ಟರ್ ಹಿಡಿಯುವುದು 0.5ರಿಂದ 1 ಮಿ.ಲೀ. ಅದು ಸಾಲದು ಅನ್ನುವವರು ಪಿಸ್ಟನ್ನಿನಿಂದ ಮೈಯೊಳಕ್ಕೇ ಶಾಯಿ ಎಳೆದುಕೊಳ್ಳುವ ಕಾನ್‌ರೈಟ್ ಹೆರಿಟೇಜ್ ನೋಡಬಹುದು. ಇಲ್ಲವೇ ಪ್ರೆಪ್ಪಿಯ ಮೈಗೇ ಫಿಲ್ಲರಿನಲ್ಲಿ ಶಾಯಿ ತುಂಬಬಹುದು, 3 ಮಿ.ಲೀ.ಗೂ ಹೆಚ್ಚು ಹಿಡಿಯುತ್ತದೆ. ಮೈ ಮತ್ತು ಗ್ರಿಪ್ಪು ಸೇರುವ ತಿರುಪಿಗೆ ಒಂದು ರಬ್ಬರ್ ಓ-ರಿಂಗ್ ಬೇಕು. ಪೆನ್ನನ್ನೇ ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಒಯ್ದು ಅಳತೆ ನೋಡಿ ತನ್ನಿ. ತಿರುಪಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಹಚ್ಚಿ. ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಬಿಗಿ ಮಾಡುವಾಗ ಜಾಸ್ತಿ ತಿರುಚಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಸೀಳುತ್ತದೆ.

ಹೀಗೆ ತುಂಬಿದ ಪೆನ್ನು ಮುಕ್ಕಾಲು ಖಾಲಿಯಾದಾಗ ತಟ್ಟನೆ ಹನಿ ಉಗುಳುತ್ತದೆ. ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರದಬ್ಬುವುದೇ ಕಾರಣ. ಮೂರರಲ್ಲೊಂದು ಭಾಗ ಉಳಿದಾಗಲೇ ಮತ್ತೆ ತುಂಬಿ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ಪೆನ್ನನ್ನು ನಿಬ್ಬು ಮೇಲಾಗಿ ಜೇಬಿನಲ್ಲೇ ಇಡಲಿ. ಬ್ಯಾಗಿನಲ್ಲಿ ಅಡ್ಡ ಬಿದ್ದು 45 ಕಿ.ಮೀ. ಕುಲುಕಿದರೆ ಕ್ಯಾಪಿನೊಳಗೆ ಶಾಯಿ ತುಂಬಿ, ತೆರೆದ ಕೂಡಲೇ ಬೆರಳಿಗೆ ಹತ್ತುತ್ತದೆ.

ಶಾಯಿ ವಿಷಯದಲ್ಲಿ ಜಾಸ್ತಿ ಹುಡುಕಾಟ ಬೇಡ. ಕ್ಯಾಮೆಲ್ ರಾಯಲ್ ಬ್ಲೂ, ಬ್ರಿಲ್, ಪಾರ್ಕರ್ ಕ್ವಿಂಕ್, ಕೋಲ್ಕತ್ತದ ಸುಲೇಖಾ, ಎಲ್ಲವೂ ಪೆನ್ನಿಗೆ ಕ್ಷೇಮ. ರಾಯಲ್ ಬ್ಲೂ ನೀರು ತಾಗಿದರೆ ಕರಗುತ್ತದೆ, ಅರ್ಜಿ, ದಾಖಲೆಗೆ ಬೇಡ. ಬಾಟಲಿಯಲ್ಲಿ ಇರುವುದೆಲ್ಲ ಪೆನ್ನಿನ ಶಾಯಿಯಲ್ಲ: ಡ್ರಾಯಿಂಗ್ ಇಂಕು ಒಣಗಿದರೆ ಫೀಡಿನಲ್ಲಿ ಅರಗಿನಂತೆ ಕೂತುಬಿಡುತ್ತದೆ, ಸ್ಟಾಂಪ್ ಪ್ಯಾಡಿನದೂ ಸಲ್ಲದು. ಮೈಸೂರಿನ ಹೆಸರು ಹೊತ್ತು ದೇಶವೆಲ್ಲ ಸುತ್ತುವ ಶಾಯಿ, 1937ರಲ್ಲಿ ಶುರುವಾದ ಇಲ್ಲಿನ ಬಣ್ಣ-ವಾರ್ನಿಷ್ ಕಾರ್ಖಾನೆ 1962ರ ಚುನಾವಣೆಯಿಂದ ಕೊಡುತ್ತ ಬಂದಿರುವ ಬೆರಳಿನ ಶಾಯಿ, ಅದರಲ್ಲಿ ಇರುವುದು ಸಿಲ್ವರ್ ನೈಟ್ರೇಟ್. ಅದು ಚರ್ಮಕ್ಕೆ ಅಂಟಲೆಂದೇ ಮಾಡಿದ್ದು. ಎರಡು ಕಂಪನಿಯ ಶಾಯಿ ಬೆರೆಸಲೂ ಬಾರದು, ಒಳಗೆ ಗಸಿ ಕಟ್ಟುತ್ತದೆ.

ಕಾಗದದ ತೂಕ ಚದರ ಮೀಟರಿಗೆ 70 ಗ್ರಾಂ, ಅಂದರೆ 70 ಜಿಎಸ್‌ಎಂಗೆ ಕಡಿಮೆ ಇದ್ದರೆ ಶಾಯಿ ಹಿಂಬದಿಗೆ ಇಳಿಯುವುದೇ ಹೆಚ್ಚು. ಪರೀಕ್ಷೆಯ ಉತ್ತರ ಪತ್ರಿಕೆಯ ಕಾಗದ ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿಯೇ ಪರೀಕ್ಷೆಗೆ ಪ್ರೆಪ್ಪಿ 03 ಅಥವಾ ಪೈಲಟ್ ಎಫ್, ಜೊತೆಗೆ ಒಂದು ಬಾಲ್ ಪೆನ್ನು.

ಆರಿಸದೆ ಉಳಿದ ಪೆನ್ನನ್ನು ಶಾಯಿ ತುಂಬಿದ ಹಾಗೇ ಡ್ರಾಯರಿನಲ್ಲಿ ಹಾಕಬೇಡಿ. ನೀರು ತಿಳಿಯಾಗುವ ತನಕ ತೊಳೆದು, ನಿಬ್ಬು ಕೆಳಗಾಗಿ ಹತ್ತಿ ಬಟ್ಟೆಯ ಮೇಲೆ ಒಂದು ರಾತ್ರಿ ನಿಲ್ಲಿಸಿ, ಬಟ್ಟೆಗೆ ಬಣ್ಣ ಇಳಿಯುವುದು ನಿಂತ ಮೇಲೆ ಕ್ಯಾಪು ಹಾಕಿ ಎತ್ತಿಡಿ.